ಒಂದೇ ಮದುವೆ ವಿಡಿಯೊ ಐದು ಸಲ: ಜಾಗವೂ ಉಳಿಯಬೇಕು, ಗುಟ್ಟೂ ಉಳಿಯಬೇಕು

ಪ್ರಶ್ನೆ: ಸರ್, ನಾವು ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ಐದು ಜನ. ಹಾಸನದಲ್ಲಿ ಒಬ್ಬ, ಬೆಂಗಳೂರಲ್ಲಿ ಇಬ್ಬರು, ಪುಣೆಯಲ್ಲಿ ಒಬ್ಬ, ದುಬೈನಲ್ಲಿ ಅಕ್ಕ. ಎಲ್ಲರ ಮನೆಯಲ್ಲೂ ಒಂದೊಂದು ಹಳೆ ಕಂಪ್ಯೂಟರಿಗೆ ದೊಡ್ಡ ಡಿಸ್ಕ್ ಹಾಕಿ ತಾಹೋ-ಲಾಫ್ಸ್ ಅನ್ನೋ ಫೈಲ್ ಹಂಚಿಡುವ ಸಾಫ್ಟ್‌ವೇರ್ ಓಡಿಸುತ್ತಿದ್ದೇವೆ. ಫೈಲುಗಳು ಎನ್‌ಕ್ರಿಪ್ಟ್ ಆಗಿ, ತುಂಡಾಗಿ ಐದೂ ಮನೆಗೆ ಹಂಚಿಹೋಗುತ್ತವೆ. ಯಾವ ಎರಡು ಮನೆಯ ತುಂಡು ಸಿಕ್ಕರೂ ಫೈಲ್ ವಾಪಸ್ ಬರುತ್ತದೆ. ತೊಂದರೆ ಏನೆಂದರೆ, ತಮ್ಮನ ಮದುವೆಯ 60 ಜಿಬಿ ವಿಡಿಯೊವನ್ನು ಐವರೂ ಬೇರೆ ಬೇರೆಯಾಗಿ ಏರಿಸಿಬಿಟ್ಟೆವು. ಅದು ಐದು ಸಲ ಕೂತಿದೆ. ಎಲ್ಲರೂ ‘ಕನ್ವರ್ಜೆನ್ಸ್ ಸೀಕ್ರೆಟ್’ ಒಂದೇ ಮಾಡಿಕೊಂಡರೆ ನಕಲು ತಪ್ಪುತ್ತದೆ ಅಂತ ಒಬ್ಬ ಹೇಳುತ್ತಾನೆ. ಹಾಗೆ ಮಾಡಿದರೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾಗುತ್ತದೆ ಅಂತ ಅಕ್ಕ. ಎನ್‌ಕ್ರಿಪ್ಟ್ ಆದಮೇಲೆ ಭಯ ಯಾಕೆ ಅನ್ನೋದು ನನಗೆ ಅರ್ಥವಾಗುತ್ತಿಲ್ಲ. ಯಾರು ಸರಿ?

ಉತ್ತರ: ಇಬ್ಬರೂ ಹೇಳಿದ್ದು ನಿಜ. ಆದರೆ ನಿಮ್ಮ ಮನೆ ಮಟ್ಟಿಗೆ ಅಕ್ಕನ ಮಾತಿಗೇ ತೂಕ ಜಾಸ್ತಿ.

ಮೊದಲು ಲೆಕ್ಕ ನೋಡಿಬಿಡೋಣ. ಐದು ತುಂಡಿನಲ್ಲಿ ಯಾವ ಎರಡು ಸಿಕ್ಕರೂ ಸಾಕು ಅಂದರೆ ಒಂದೊಂದು ತುಂಡೂ ಮೂಲ ಫೈಲಿನ ಅರ್ಧದಷ್ಟು ಇರುತ್ತದೆ. 60 ಜಿಬಿ ವಿಡಿಯೊಗೆ ಮನೆಗೆ 30 ಜಿಬಿ, ಐದು ಮನೆ ಸೇರಿ 150. ಐವರೂ ಏರಿಸಿದ್ದೀರಿ, ಹಾಗಾಗಿ 750 ಜಿಬಿ. ಒಂದು ಮದುವೆಗೆ ಮುಕ್ಕಾಲು ಟಿಬಿ! ಊಟದ ಎಲೆ ಲೆಕ್ಕವೇ ಇದಕ್ಕಿಂತ ವಾಸಿ.

ಇದರಲ್ಲಿ ತಾಹೋದ ತಪ್ಪೇನೂ ಇಲ್ಲ. ನಿಮ್ಮ ಐದೂ ಕಂಪ್ಯೂಟರುಗಳಲ್ಲಿ ಒಂದೊಂದು ಬೇರೆ ಸೀಕ್ರೆಟ್ ಇದೆ. ತಾಹೋ ಹಾಕಿದ ದಿನ ಅದೇ ತನ್ನಷ್ಟಕ್ಕೆ ರ್‍ಯಾಂಡಮ್ ಆಗಿ ಹುಟ್ಟಿಸಿಕೊಂಡದ್ದು ಅದು. ಸೀಕ್ರೆಟ್ ಬೇರೆಯಾದರೆ ಫೈಲನ್ನು ಎನ್‌ಕ್ರಿಪ್ಟ್ ಮಾಡುವ ಕೀ ಬೇರೆ. ಕೀ ಬೇರೆಯಾದರೆ ಅದೇ ವಿಡಿಯೊ ಐದು ಬೇರೆ ಬೇರೆ ಕಸದ ರಾಶಿಯ ಹಾಗೆ ಹೊರಗೆ ಬರುತ್ತದೆ. ಇವೆಲ್ಲ ಒಂದೇ ಮದುವೆ ಅಂತ ಸರ್ವರಿಗೆ, ಅಂದರೆ ತುಂಡು ಇಟ್ಟುಕೊಂಡ ಕಂಪ್ಯೂಟರಿಗೆ, ಗೊತ್ತಾಗಲು ದಾರಿಯೇ ಇಲ್ಲ. ಗೊತ್ತಾಗಬಾರದು ಅಂತಲೇ ಅಲ್ವಾ ಎನ್‌ಕ್ರಿಪ್ಟ್ ಮಾಡಿದ್ದು?

ಹಾಗಾದರೆ ನಕಲು ತಪ್ಪಿಸೋದು ಹೇಗೆ? ಇದಕ್ಕೊಂದು ಜಾಣ ಉಪಾಯವನ್ನು 2002ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಜಾನ್ ಡೌಸರ್ ಮತ್ತು ಜೊತೆಗಾರರು ಬರೆದಿಟ್ಟರು. ಆಫೀಸಿನ ಕಂಪ್ಯೂಟರುಗಳನ್ನೇ ಒಟ್ಟುಗೂಡಿಸಿ ಒಂದು ದೊಡ್ಡ ಫೈಲ್ ವ್ಯವಸ್ಥೆ ಕಟ್ಟುವ ಫಾರ್‌ಸೈಟ್ ಅನ್ನೋ ಯೋಜನೆಗಾಗಿ ಮಾಡಿದ್ದು ಅದು. ನಿಮ್ಮ ಐದು ಮನೆ ಕಥೆಯ ಹಳೆಯ ರೂಪ ಅನ್ನಿ. 500ಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಅಳೆದು ನೋಡಿದಾಗ, ತುಂಬಿದ ಜಾಗದಲ್ಲಿ ಹತ್ತಿರ ಹತ್ತಿರ ಅರ್ಧ ಬರೀ ನಕಲು ಫೈಲುಗಳೇ ಇದ್ದವು. ಅವರ ಉಪಾಯ ಇಷ್ಟೇ: ಕೀಯನ್ನು ರ್‍ಯಾಂಡಮ್ ಆಗಿ ಆರಿಸಬೇಡಿ, ಫೈಲಿನ ಹ್ಯಾಶ್‌ನಿಂದಲೇ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು) ಮಾಡಿ. ಒಂದೇ ಫೈಲ್ ಇದ್ದವರಿಗೆಲ್ಲ ಒಂದೇ ಕೀ ಬರುತ್ತದೆ, ಎನ್‌ಕ್ರಿಪ್ಟ್ ಆದ ಮೇಲೂ ಒಂದೇ ಕಾಣುತ್ತದೆ. ಸರ್ವರ್ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಬಹುದು. ಫೈಲ್ ಇಲ್ಲದವನಿಗೆ ಕೀ ಇಲ್ಲ. ಇದಕ್ಕೆ ಕನ್ವರ್ಜೆಂಟ್ ಎನ್‌ಕ್ರಿಪ್ಷನ್ ಅಂತ ಹೆಸರು.

ಕೇಳಲು ಬಹಳ ಚೆನ್ನಾಗಿದೆ. ಆದರೆ ‘ಫೈಲ್ ಇಲ್ಲದವನಿಗೆ ಕೀ ಇಲ್ಲ’ ಅನ್ನುವ ಮಾತಿನಲ್ಲೇ ತೂತು ಇದೆ. ಫೈಲ್ ಇಲ್ಲದವನು ಅದನ್ನು ಊಹಿಸಿದರೆ?

ಒಂದು ಉದಾಹರಣೆ ಹಿಡಿದು ನೋಡೋಣ. ನಿಮ್ಮಲ್ಲಿ ಒಬ್ಬರು ಲ್ಯಾಬಿಗೆ ಹೋಗಿ ಖಾಲಿ ಹೊಟ್ಟೆಯ ಶುಗರ್ ಟೆಸ್ಟ್ ಮಾಡಿಸಿದರು. 40 ಕೆಬಿಯ ಪಿಡಿಎಫ್ ರಿಪೋರ್ಟ್ ಬಂತು. ಅದನ್ನು ತಾಹೋಗೆ ಏರಿಸಿದರು. ಇನ್ನೊಬ್ಬನೂ ಅದೇ ಲ್ಯಾಬಿಗೆ ಹೋಗುವವನು, ಅವನ ಹತ್ತಿರ ಅದೇ ನಮೂನೆಯ ತನ್ನ ರಿಪೋರ್ಟ್ ಇದೆ. ಹೆಸರು, ವಯಸ್ಸು, ಟೆಸ್ಟ್ ಮಾಡಿಸಿದ ದಿನ ಎಲ್ಲ ಗೊತ್ತು. ಗೊತ್ತಿಲ್ಲದ್ದು ಒಂದೇ ಸಂಖ್ಯೆ. 60ರಿಂದ 400ರವರೆಗೆ ಅಂದುಕೊಂಡರೂ 341 ಸಾಧ್ಯತೆ, ಅಷ್ಟೇ. ಅವನು 341 ರಿಪೋರ್ಟ್ ತಯಾರಿಸಿ, ಪ್ರತಿಯೊಂದರ ಹ್ಯಾಶ್ ತೆಗೆದು, ತನ್ನ ಡಿಸ್ಕಿನಲ್ಲಿ ಬಂದು ಕೂತಿರುವ ತುಂಡುಗಳ ಜೊತೆ ಹೋಲಿಸಿದರೆ ಮುಗಿಯಿತು. ಯಾವ ಬೀಗವನ್ನೂ ಒಡೆಯಬೇಕಿಲ್ಲ.

‘ಪಿಡಿಎಫ್ ಒಳಗೆ ಅದು ತಯಾರಾದ ಸಮಯ ಸೆಕೆಂಡಿನವರೆಗೂ ಬರೆದಿರುತ್ತದಲ್ಲ ಸಾರ್, ಅದು ಹೊಂದಬೇಕಲ್ಲ’ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ದಿನಕ್ಕೆ 86,400 ಸೆಕೆಂಡು. 341ರಿಂದ ಗುಣಿಸಿ: 2,94,62,400. ಮೂರು ಕೋಟಿಗೂ ಕಡಿಮೆ. ಒಂದು ಲ್ಯಾಪ್‌ಟಾಪ್ ಇಂಥ ಫೈಲುಗಳ ಹ್ಯಾಶನ್ನು ಸೆಕೆಂಡಿಗೆ ಹತ್ತು ಸಾವಿರದಂತೆ ತೆಗೆಯುತ್ತದೆ ಅಂದರೂ 49 ನಿಮಿಷದ ಕೆಲಸ. ಲ್ಯಾಬಿನ ಸಾಫ್ಟ್‌ವೇರ್ ಬೇರೆ ಏನಾದರೂ ರ್‍ಯಾಂಡಮ್ ಗುರುತು ಸೇರಿಸಿದ್ದರೆ ನೀವು ಬಚಾವ್. ಆದರೆ ಅದು ಲ್ಯಾಬಿನವರ ಪುಣ್ಯ, ನಿಮ್ಮ ಎನ್‌ಕ್ರಿಪ್ಷನ್‌ನ ಬಲವಲ್ಲ.

ಈ ತೂತನ್ನು 2008ರ ಮಾರ್ಚ್‌ನಲ್ಲಿ ತಾಹೋದವರೇ ಊರಿಗೆಲ್ಲ ಹೇಳಿದರು. ಡ್ರೂ ಪೆರ್ಟುಲಾ ಎನ್ನುವವರು, ತಾಹೋ ಕಟ್ಟುತ್ತಿದ್ದ ಬ್ರಯಾನ್ ವಾರ್ನರ್ ಮತ್ತು ಝೂಕೋ ವಿಲ್ಕಾಕ್ಸ್ ಅವರ ಜೊತೆ ಸೇರಿ ಎರಡು ದಾಳಿಗಳನ್ನು ವಿವರಿಸಿದರು. ಎರಡನೆಯದು ಈಗ ಹೇಳಿದ ಶುಗರ್ ಕಥೆ: ಮುಕ್ಕಾಲು ಗೊತ್ತಿರುವ ಫೈಲಿನಲ್ಲಿ ಉಳಿದ ಕಾಲನ್ನು ಊಹಿಸಿ ಹಿಡಿಯುವುದು. ಮೊದಲನೆಯದು ಇನ್ನೂ ಸುಲಭ. ಒಂದು ಫೈಲ್ ಪೂರ್ತಿ ನನ್ನ ಹತ್ತಿರವೇ ಇದೆ, ಅದು ನಿಮ್ಮ ಹತ್ತಿರವೂ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳುವುದು.

ಇದರಲ್ಲೇನು ಮಹಾ ಅನಿಸಬಹುದು. ನೆಂಟರ ನಡುವೆ ಯೋಚಿಸಿ ನೋಡಿ. ಆಸ್ತಿ ಪಾಲುಪಟ್ಟಿಯ ಕರಡನ್ನು ವಕೀಲರು ಒಬ್ಬರಿಗೆ ಮಾತ್ರ ಕಳಿಸಿದ್ದಾರೆ. ಅದು ಹೇಗೋ ಎರಡನೆಯವನ ಕೈಗೆ ಬಂತು. ಮೂರನೆಯವನಿಗೆ ಸಿಕ್ಕಿದೆಯೋ ಇಲ್ಲವೋ ಅಂತ ಅವನಿಗೆ ಕುತೂಹಲ. ಮೂರನೆಯವನು ಅದನ್ನು ತಾಹೋದಲ್ಲಿ ಇಟ್ಟಿದ್ದರೆ ಒಂದು ಹ್ಯಾಶ್ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಒಂದು ಅಕ್ಷರವನ್ನೂ ಓದಬೇಕಾಗಿಲ್ಲ. ನಿಮ್ಮ ಅಕ್ಕನ ಮನಸ್ಸಿನಲ್ಲಿ ಇರುವುದು ಇಂಥದ್ದೇ ಏನೋ ಇರಬಹುದು. ನಾನು ಕೇಳಲು ಹೋಗುವುದಿಲ್ಲ.

ಈ ತೂತಿಗೆ ತಾಹೋದವರು ಹಾಕಿದ ತೇಪೆಯೇ ಕನ್ವರ್ಜೆನ್ಸ್ ಸೀಕ್ರೆಟ್. ಕೀಯನ್ನು ಬರೀ ಫೈಲಿನ ಹ್ಯಾಶ್‌ನಿಂದ ಮಾಡುವುದಿಲ್ಲ, ಅದರ ಜೊತೆ ಈ ಸೀಕ್ರೆಟ್ಟನ್ನೂ ಕಲಸುತ್ತಾರೆ. ಸೀಕ್ರೆಟ್ ಗೊತ್ತಿಲ್ಲದವನು ಎಷ್ಟು ಊಹಿಸಿದರೂ ಸರಿಯಾದ ಕೀ ಬರುವುದಿಲ್ಲ. ಸೀಕ್ರೆಟ್ ಹಂಚಿಕೊಂಡವರ ಗುಂಪಿನೊಳಗೆ ಮಾತ್ರ ನಕಲು ತಪ್ಪುತ್ತದೆ. ಊಹೆಯ ಆಟವೂ ಆ ಗುಂಪಿನೊಳಗೆ ಮಾತ್ರ ನಡೆಯುತ್ತದೆ. ಈ ಎರಡನ್ನು ಬಿಡಿಸಲು ಬರುವುದಿಲ್ಲ. ‘ನಿನ್ನ ಫೈಲೂ ನನ್ನ ಫೈಲೂ ಒಂದೇ’ ಅಂತ ಗುರುತಿಸುವ ಶಕ್ತಿಯೇ ‘ನಿನ್ನ ಹತ್ತಿರ ಈ ಫೈಲ್ ಇದೆ’ ಅಂತ ಪತ್ತೆ ಮಾಡುವ ಶಕ್ತಿ.

ಈಗ ನಿಮ್ಮ ಮನೆ ವಿಚಾರಕ್ಕೆ ಬನ್ನಿ. ಸಾಮಾನ್ಯವಾಗಿ ಈ ಸೀಕ್ರೆಟ್ ಹಂಚಿಕೊಳ್ಳುವವರು ಒಂದು ಕಡೆ, ಡಿಸ್ಕ್ ಇಟ್ಟುಕೊಂಡ ಸರ್ವರಿನವರು ಇನ್ನೊಂದು ಕಡೆ ಇರುತ್ತಾರೆ. ಆಗ ಸೀಕ್ರೆಟ್ ಹಂಚಿಕೊಂಡರೂ ಸರ್ವರಿನವರಿಗೆ ಏನೂ ತಿಳಿಯುವುದಿಲ್ಲ, ಒಳ್ಳೆ ವ್ಯವಸ್ಥೆಯೇ. ನಿಮ್ಮಲ್ಲಿ ಸೀಕ್ರೆಟ್ ಇರುವವರೂ ಡಿಸ್ಕ್ ಇರುವವರೂ ಅದೇ ಐದು ಜನ. ಕಾಯಬೇಕಾದದ್ದೇ ಒಬ್ಬರಿಂದ ಒಬ್ಬರನ್ನು. ಕದ್ದು ನೋಡುವ ಮನಸ್ಸಿರುವವನಿಗೆ ತುಂಡುಗಳೂ ಕೈಯಲ್ಲಿವೆ, ಸೀಕ್ರೆಟ್ಟೂ ಕೈಯಲ್ಲಿದೆ. ಅದಕ್ಕೇ ಅಕ್ಕನ ಕಡೆಗೆ ನನ್ನ ವೋಟು.

ನಂಬಿಕೆ ಬರದಿದ್ದರೆ ಈಗಲೇ ನಿಮ್ಮ ಕಂಪ್ಯೂಟರಿನಲ್ಲಿ ತಾಹೋ ಫೋಲ್ಡರ್ ತೆಗೆದು, ಸ್ಟೋರೇಜ್ ಒಳಗಿನ ಶೇರ್ಸ್ ಫೋಲ್ಡರ್ ನೋಡಿ. ಎರಡೆರಡು ಅಕ್ಷರದ ಫೋಲ್ಡರುಗಳ ಸಾಲು ಕಾಣುತ್ತದೆ. ಅವುಗಳೊಳಗೆ ಅರ್ಥವಿಲ್ಲದ ಉದ್ದ ಹೆಸರಿನ ಫೋಲ್ಡರುಗಳು. ಅದರೊಳಗೆ 0, 1, 2 ಅನ್ನುವಂಥ ಹೆಸರಿನ ಒಂದು ಫೈಲ್. ಆ ಉದ್ದ ಹೆಸರೇ ಫೈಲಿನ ವಿಳಾಸ. ಅದು ಕೀಯಿಂದ ಹುಟ್ಟಿದ್ದು. ಸರಿಯಾಗಿ ಊಹಿಸಿದವನಿಗೆ ಬರುವ ವಿಳಾಸವೂ ಅದೇ. ‘ಇದೆಯಾ’ ಅಂತ ನೋಡಲು ಫೋಲ್ಡರ್ ಹುಡುಕಿದರೆ ಸಾಕು. ಯಾರದು ಅಂತ ತಿಳಿಯಲು, ಏರಿಸುವಾಗ ಯಾವ ಮನೆಯಿಂದ ಕನೆಕ್ಷನ್ ಬಂದಿತ್ತು ಅನ್ನುವ ಅಂದಾಜು ಸಾಕು. ಇರುವವರೇ ಐದು ಜನ.

ಇಲ್ಲಿ ಇನ್ನೊಂದನ್ನೂ ಗಮನಿಸಿ. ತುಂಡಿನ ಗಾತ್ರ ಕಣ್ಣಿಗೆ ಕಾಣುತ್ತಿದೆ. ಎರಡರಿಂದ ಗುಣಿಸಿದರೆ ಮೂಲ ಫೈಲಿನ ಗಾತ್ರ ಹೆಚ್ಚು ಕಡಿಮೆ ಸಿಗುತ್ತದೆ. ಸೀಕ್ರೆಟ್ ಹಂಚಿದರೂ ಇಷ್ಟೇ, ಹಂಚದಿದ್ದರೂ ಇಷ್ಟೇ. ಮದುವೆ ವಿಡಿಯೊ ಯಾವುದು ಅಂತ ಈಗಲೂ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು. ಪಾಲುಪಟ್ಟಿಯ ಗಾತ್ರ ಬೈಟ್ ಲೆಕ್ಕದಲ್ಲಿ ಗೊತ್ತಿರುವವನಿಗೆ ಅದೂ ಒಂದು ಸುಳಿವೇ. ಗಾತ್ರವೂ ಮುಚ್ಚಬೇಕಾದ ಫೈಲುಗಳಿದ್ದರೆ ಏರಿಸುವ ಮೊದಲೇ ಒಂದಷ್ಟನ್ನು ಒಟ್ಟಿಗೆ ಜಿಪ್ ಮಾಡಿಬಿಡಿ.

ಡಿಸ್ಕ್ ಕೈಯಲ್ಲಿ ಇಲ್ಲದವನೂ ಇಣುಕಬಹುದು. ಸೀಕ್ರೆಟ್ ಒಂದೇ ಇದ್ದರೆ, ಮೊದಲೇ ಇರುವ ಫೈಲನ್ನು ನೀವು ಏರಿಸಲು ಹೋದಾಗ ತಾಹೋ ಮತ್ತೆ ಕಳಿಸುವುದಿಲ್ಲ. ಏರಿಸಿ ಮುಗಿದ ಮೇಲೆ ಬರುವ ಪುಟದಲ್ಲಿ ಎಷ್ಟು ತುಂಡು ಕಳಿಸಿದೆ, ಎಷ್ಟು ಮೊದಲೇ ಇದ್ದವು ಅಂತ ನೀಟಾಗಿ ಬರೆದೂ ತೋರಿಸುತ್ತದೆ. ‘ಐದೂ ಮೊದಲೇ ಇದ್ದವು’ ಅಂದರೆ ಯಾರೋ ಏರಿಸಿದ್ದಾರೆ. ಇದು ತಾಹೋಗೆ ಮಾತ್ರ ಅಂಟಿದ ಜಾಡ್ಯವಲ್ಲ. ಬಳಕೆದಾರರ ನಡುವಿನ ನಕಲನ್ನು ಅವರವರ ಕಂಪ್ಯೂಟರಿನಲ್ಲೇ ತಡೆಯುವ ಕ್ಲೌಡ್ ಸೇವೆಗಳಲ್ಲೂ ಈ ಸೋರಿಕೆ ಇದೆ ಅಂತ 2010ರಲ್ಲಿ ಹಾರ್ನಿಕ್, ಪಿಂಕಾಸ್, ಶುಲ್ಮನ್-ಪೆಲೆಗ್ ಎಂಬ ಮೂವರು ತೋರಿಸಿದರು. ಅವರ ಪರಿಹಾರ ನನಗೆ ಬಹಳ ಇಷ್ಟ: ಪ್ರತಿ ಫೈಲಿಗೂ ಸರ್ವರ್ ಗುಟ್ಟಾಗಿ ಒಂದು ಸಂಖ್ಯೆ ಆರಿಸಿಕೊಳ್ಳಲಿ. ಅಷ್ಟು ಜನ ಏರಿಸುವವರೆಗೆ ‘ಮೊದಲೇ ಇದೆ’ ಅಂತ ಬಾಯಿಬಿಡದೆ ಸುಮ್ನೆ ಮತ್ತೆ ಮತ್ತೆ ತರಿಸಿಕೊಳ್ಳಲಿ. ಮರುವರ್ಷವೇ ಡ್ರಾಪ್‌ಬಾಕ್ಸ್ ಮೇಲೆ ಡ್ರಾಪ್‌ಶಿಪ್ ಅನ್ನೋ ಪ್ರೋಗ್ರಾಮ್ ಬಂತು. ಫೈಲ್ ಇಲ್ಲದಿದ್ದರೂ ಅದರ ಹ್ಯಾಶುಗಳು ಗೊತ್ತಿದ್ದರೆ ಸಾಕು, ‘ನನ್ನ ಹತ್ತಿರವೂ ಇದೆ’ ಅಂತ ಹೇಳಿ ಇಡೀ ಫೈಲನ್ನು ತನ್ನ ಖಾತೆಗೆ ಇಳಿಸಿಕೊಳ್ಳಬಹುದಿತ್ತು. ಹ್ಯಾಶ್ ಅನ್ನೋದು ಗುರುತಿನ ಚೀಟಿ, ಅದನ್ನೇ ಮನೆ ಕೀ ಮಾಡಿಕೊಂಡರೆ ಹೀಗಾಗುತ್ತದೆ.

ಸರಿ, ಹಾಗಾದರೆ ಏನು ಮಾಡಬೇಕು?

ನಿಮ್ಮ ಮದುವೆ ವಿಡಿಯೊಗೆ ಡಿಡ್ಯುಪ್ಲಿಕೇಶನ್, ಅಂದರೆ ಈ ನಕಲು ತಪ್ಪಿಸುವ ಉಪಾಯ, ಬೇಕಾಗೇ ಇಲ್ಲ. ಅದು ಎಲ್ಲರದೂ ತಾನೆ? ಅದರಲ್ಲಿ ಯಾರಿಂದ ಮುಚ್ಚಿಡುವಂಥದ್ದು ಏನಿದೆ? ಒಬ್ಬರು ಒಂದೇ ಸಲ ಏರಿಸಿ. ಏರಿಸಿದಾಗ ಒಂದು ಉದ್ದನೆಯ ರೀಡ್-ಕ್ಯಾಪ್ ಸಿಗುತ್ತದೆ, ಓದುವ ಕೀ ಅದರೊಳಗೇ ಇರುತ್ತದೆ. ಅದನ್ನು ಉಳಿದ ನಾಲ್ವರಿಗೆ ಕೊಡಿ. ಅವರು ತಮ್ಮ ತಮ್ಮ ಫೋಲ್ಡರಿಗೆ ಲಿಂಕ್ ಮಾಡಿಕೊಳ್ಳಲಿ. ಇನ್ನೂ ಸುಲಭ ಬೇಕಾದರೆ ‘ಮನೆ ಸಮಾರಂಭ’ ಅಂತ ಒಂದು ಹಂಚಿದ ಫೋಲ್ಡರ್ ಮಾಡಿ ಐವರಿಗೂ ಅದರ ಕ್ಯಾಪ್ ಕೊಡಿ. ಮನೆಗೆ 150 ಜಿಬಿ ಇದ್ದದ್ದು 30ಕ್ಕೆ ಇಳಿಯುತ್ತದೆ. ಸೀಕ್ರೆಟ್ಟುಗಳು ಈಗ ಇರುವ ಹಾಗೇ ಬೇರೆ ಬೇರೆ ಇರಲಿ. ಲ್ಯಾಬ್ ರಿಪೋರ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ಪಾಲುಪಟ್ಟಿ ಎಲ್ಲ ಮೊದಲಿನಷ್ಟೇ ಗುಟ್ಟು.

ಹಳೆಯ ಸಾವಿರಾರು ಫೋಟೊಗಳು ಯಾರ್‍ಯಾರ ಹತ್ತಿರವೋ ಚದುರಿಹೋಗಿವೆ, ಯಾವುದು ನಕಲು ಅಂತ ಕೂತು ಆರಿಸಲು ಪುರುಸೊತ್ತಿಲ್ಲ ಅನ್ನೋದಾದರೆ ಎರಡನೆಯ ದಾರಿ. ಪ್ರತಿ ಕಂಪ್ಯೂಟರಿನಲ್ಲೂ ತಾಹೋದ ಎರಡನೆಯ ಕ್ಲೈಂಟ್ ಓಡಿಸಿ, ಫೋಟೊಗಳಿಗೆ ಮಾತ್ರ. ಅದರ ಪ್ರೈವೇಟ್ ಫೋಲ್ಡರಿನಲ್ಲಿ ಕನ್ವರ್ಜೆನ್ಸ್ ಅನ್ನೋ ಫೈಲ್ ಇರುತ್ತದೆ, ಅದನ್ನು ಐವರೂ ಒಂದೇ ಮಾಡಿಕೊಳ್ಳಿ. ಮೊಬೈಲ್ ಕ್ಯಾಮೆರಾದ ಫೋಟೊವನ್ನು ಯಾರೂ ಊಹಿಸಿ ತಯಾರಿಸಲಾರರು, ಹಾಗಾಗಿ ಶುಗರ್ ಕಥೆಯ ದಾಳಿ ಇಲ್ಲಿ ನಡೆಯುವುದಿಲ್ಲ. ‘ಈ ಫೋಟೊ ನಿನ್ನ ಹತ್ತಿರ ಇದೆಯಾ’ ಅನ್ನುವ ದಾಳಿ ಮಾತ್ರ ನಡೆಯುತ್ತದೆ. ಮನೆಯ ಫೋಟೊಗಳಿಗೆ ಅದು ನಡೆದರೂ ಪರವಾಗಿಲ್ಲ ಅಲ್ವಾ? ಟೈಪ್ ಮಾಡಿದ, ನಮೂನೆ ತುಂಬಿದ ಕಾಗದಪತ್ರ ಮಾತ್ರ ಈ ಕಡೆ ಬರಬಾರದು.

ಇದರಲ್ಲಿ ಜನ ಎಡವುವ ಜಾಗ ಎರಡು. ತಾಹೋ ಕೀ ಮಾಡುವಾಗ ಎಷ್ಟು ತುಂಡು, ಎಷ್ಟು ಸಿಕ್ಕರೆ ಸಾಕು ಅನ್ನುವ ಸಂಖ್ಯೆಗಳನ್ನೂ ಕಲಸುತ್ತದೆ. ಒಬ್ಬರು ಐದರಲ್ಲಿ ಎರಡು, ಇನ್ನೊಬ್ಬರು ಐದರಲ್ಲಿ ಮೂರು ಅಂತ ಇಟ್ಟುಕೊಂಡರೆ ಸೀಕ್ರೆಟ್ ಒಂದೇ ಇದ್ದರೂ ನಕಲು ತಪ್ಪುವುದಿಲ್ಲ. ಮತ್ತೆ, ‘ಒಂದೇ ಫೋಟೊ’ ಅನ್ನುವುದು ನಮ್ಮ ಕಣ್ಣಿನ ಮಾತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ. ಬಂದದ್ದು ಬೇರೆಯೇ ಫೈಲ್. ಹ್ಯಾಶ್ ಬೇರೆ, ಕೀ ಬೇರೆ. ನೆಂಟರ ಗ್ರೂಪಿನಿಂದ ಇಳಿಸಿಕೊಂಡ ಫೋಟೊಗಳಲ್ಲಿ ಡಿಡ್ಯುಪ್ಲಿಕೇಶನ್‌ನಿಂದ ನಿಮಗೆ ಅಂಥ ಲಾಭವೇನೂ ಆಗದು. ಸುಮ್ನೆ ಸೀಕ್ರೆಟ್ ಹಂಚಿಕೊಂಡದ್ದಷ್ಟೇ ಬಂತು ಅಂತಾಗಬಾರದು.

ಕನ್ವರ್ಜೆನ್ಸ್ ಫೈಲನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಈ ಪಾಠ ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ನಾನೂ ಮೂವರು ಗೆಳೆಯರೂ ಇಂಥದ್ದೇ ಒಂದನ್ನು ಕಟ್ಟಿಕೊಂಡಿದ್ದೆವು. ಒಂದು ಸಲ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ, ತಾಹೋ ಹೊಸದಾಗಿ ಹಾಕಿ, ರಾತ್ರಿ ಬ್ಯಾಕಪ್‌ಗೆ ಬಿಟ್ಟು ಮಲಗಿದೆ. ಹೊಸ ತಾಹೋ ಹೊಸ ಸೀಕ್ರೆಟ್ ಹುಟ್ಟಿಸಿಕೊಂಡಿತ್ತು. ಯಾವ ಫೈಲ್ ಮೊದಲೇ ಹೋಗಿದೆ ಅಂತ ಬರೆದಿಡುವ ಡೇಟಾಬೇಸೂ ಫಾರ್ಮ್ಯಾಟ್‌ನಲ್ಲಿ ಹೋಗಿತ್ತು. ಬೆಳಗ್ಗೆ ಎದ್ದರೆ ಗೆಳೆಯರ ಮೂರು ಮೆಸೇಜು, ಎಲ್ಲರದೂ ಒಂದೇ ಮಾತು: ‘ಏನಪ್ಪಾ ಮಾಡ್ದೆ, ಡಿಸ್ಕ್ ಫುಲ್.’ ಹಳೆಯ ಫೈಲುಗಳು ಕಳೆದಿರಲಿಲ್ಲ, ಅವುಗಳ ಕ್ಯಾಪ್ ಪೆನ್‌ಡ್ರೈವ್‌ನಲ್ಲಿತ್ತು. ಆದರೆ ಎಲ್ಲವೂ ಎರಡೆರಡು ಆಗಿತ್ತು.

ಒಂದು ಆಸ್ಪತ್ರೆಗೋ ದೊಡ್ಡ ಆಫೀಸಿಗೋ ಇದೇ ಪ್ರಶ್ನೆ ಬಂದರೆ ನನ್ನ ಉತ್ತರ ಬೇರೆ. ಅಲ್ಲಿ ನೂರಾರು ಜನ, ಯಾರು ಯಾರಿಗೆ ಕ್ಯಾಪ್ ಕೊಡುತ್ತಾ ಕೂರಲು ಸಾಧ್ಯ? 2013ರಲ್ಲಿ ಬೆಲ್ಲಾರೆ, ಕೀಲವೀಧಿ, ರಿಸ್ಟನ್‌ಪಾರ್ಟ್ ಎಂಬವರು ಡ್ಯುಪ್‌ಲೆಸ್ ಅನ್ನೋ ವ್ಯವಸ್ಥೆ ಕೊಟ್ಟರು. ಸೀಕ್ರೆಟ್ ಯಾವ ಬಳಕೆದಾರನ ಹತ್ತಿರವೂ ಇರುವುದಿಲ್ಲ, ಒಂದು ಪ್ರತ್ಯೇಕ ಕೀ-ಸರ್ವರಿನಲ್ಲಿ ಇರುತ್ತದೆ. ನೀವು ಫೈಲಿನ ಹ್ಯಾಶಿಗೆ ಮುಸುಕು ಹಾಕಿ ಕಳಿಸುತ್ತೀರಿ. ಅದು ಸೀಕ್ರೆಟ್ ಬೆರೆಸಿ ವಾಪಸ್ ಕೊಡುತ್ತದೆ, ಮುಸುಕು ತೆಗೆದರೆ ಕೀ. ಯಾವ ಫೈಲ್ ಅಂತ ಅದಕ್ಕೂ ಗೊತ್ತಾಗುವುದಿಲ್ಲ. ಮುಖ್ಯವಾದದ್ದು, ಪ್ರತಿ ಊಹೆಗೂ ಆ ಸರ್ವರಿನ ಬಾಗಿಲಿಗೆ ಬರಬೇಕು, ಅದು ಗಂಟೆಗೆ ಇಷ್ಟೇ ಅಂತ ಮಿತಿ ಹಾಕುತ್ತದೆ. ಮೂರು ಕೋಟಿ ಊಹೆ 49 ನಿಮಿಷದಲ್ಲಿ ಮುಗಿಯುವ ಕಾಲ ಹೋಯಿತು. ಆದರೆ ಆ ಕೀ-ಸರ್ವರ್ ಇಟ್ಟುಕೊಂಡವನ ಕೈಯಲ್ಲಿ ಡಿಸ್ಕ್ ಇರಬಾರದು. ನಿಮ್ಮ ಐದು ಮನೆಗೆ ಇದು ಬೇಕಾದರೆ ಆರನೆಯ ನೆಂಟನನ್ನು ಹುಡುಕಬೇಕಾಗುತ್ತದೆ. ಅಷ್ಟು ರಗಳೆ ನಿಮಗೆ ಬೇಡ.

ಇನ್ನು ಬೋರ್ಗ್, ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್‌ಗಳ ಹೆಸರು ಹೇಳುವವರು ಸಿಗುತ್ತಾರೆ. ಒಬ್ಬರ ಸ್ವಂತ ಬ್ಯಾಕಪ್ಪಿಗೆ ಎರಡೂ ಚೆನ್ನ. ಆದರೆ ಐವರೂ ಒಂದೇ ರೆಪಾಸಿಟರಿಗೆ (ಬ್ಯಾಕಪ್ ಕೂಡಿಡುವ ಉಗ್ರಾಣ) ಹಾಕಿದರೆ ಪಾಸ್‌ವರ್ಡ್ ಇದ್ದವರೆಲ್ಲ ಎಲ್ಲರದನ್ನೂ ಓದಬಹುದು. ಅಕ್ಕ ಮೊದಲೇ ಬೇಡ ಅಂದದ್ದು ಅದನ್ನೇ.

ಕೊನೆಯದಾಗಿ, ನಾಲ್ಕು ನಕಲು ಅಳಿಸುವ ವಿಚಾರ. ಫೋಲ್ಡರಿನಿಂದ ವಿಡಿಯೊ ತೆಗೆದ ತಕ್ಷಣ ಜಾಗ ಬರುವುದಿಲ್ಲ, ಗಾಬರಿಯಾಗಬೇಡಿ. ತಾಹೋದಲ್ಲಿ ಪ್ರತಿ ತುಂಡಿಗೂ 31 ದಿನದ ಲೀಸ್, ಅಂದರೆ ‘ಇದು ಇನ್ನೂ ಬೇಕು’ ಅನ್ನುವ ಅವಧಿ, ಇರುತ್ತದೆ. ಲೀಸ್ ಮುಗಿದ ತುಂಡನ್ನು ಸರ್ವರ್ ಅಳಿಸಬೇಕಾದರೆ ಅದರ ಸೆಟ್ಟಿಂಗ್ ಆನ್ ಮಾಡಬೇಕು, ಮೊದಲಿಗೆ ಅದು ಆಫ್ ಇರುತ್ತದೆ. ಆನ್ ಮಾಡಿದರೆ ಬೇಕಾದ ಫೈಲುಗಳ ಲೀಸನ್ನೂ ಆಗಾಗ ಹೊಸದು ಮಾಡುತ್ತಿರಬೇಕು, ಇಲ್ಲದಿದ್ದರೆ ಬೇಡದ್ದರ ಜೊತೆ ಬೇಕಾದದ್ದೂ ಹೋಗುತ್ತದೆ. ಹಾಗಾಗಿ ಮೊದಲು ಐವರ ಕಂಪ್ಯೂಟರಿನಲ್ಲೂ ವಾರಕ್ಕೊಮ್ಮೆ ಡೀಪ್-ಚೆಕ್ (ಫೋಲ್ಡರಿನ ಎಲ್ಲ ಫೈಲುಗಳ ತಪಾಸಣೆ) ಜೊತೆ ಲೀಸ್ ಸೇರಿಸುವ ಆಜ್ಞೆ ಓಡುವ ಹಾಗೆ ಮಾಡಿ. ಒಂದು ತಿಂಗಳು ಅದು ಸರಿಯಾಗಿ ಓಡುತ್ತಿದೆಯಾ ನೋಡಿ. ಅವಧಿಯನ್ನು 31ರ ಬದಲು 60 ದಿನಕ್ಕೆ ಹೆಚ್ಚಿಸಿ. ಆಮೇಲೆ ಅಳಿಸುವ ಸೆಟ್ಟಿಂಗ್ ಆನ್ ಮಾಡಿ. ಅಕ್ಕ ರಜೆಗೆ ಊರಿಗೆ ಬಂದಾಗ ದುಬೈ ಮನೆಯ ಕಂಪ್ಯೂಟರ್ ಎರಡು ತಿಂಗಳು ಆಫ್ ಇರುತ್ತದೆ ಅನ್ನೋದಾದರೆ, ಅವರ ಫೋಲ್ಡರಿನ ಲೀಸನ್ನು ಅವರು ಹಾಸನದಲ್ಲಿ ಕೂತು ತಮ್ಮ ಲ್ಯಾಪ್‌ಟಾಪಿನಿಂದಲೇ ಹೊಸದು ಮಾಡಬೇಕು. ಅದಕ್ಕೆ ಅವರ ರೂಟ್-ಕ್ಯಾಪ್ (ಅವರ ಎಲ್ಲ ಫೈಲುಗಳಿರುವ ಮೂಲ ಫೋಲ್ಡರಿನ ಕ್ಯಾಪ್) ಅವರ ಜೊತೆಗೇ ಬಂದಿರಬೇಕು. ಅದನ್ನು ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಮಾತ್ರ ಹಾಕಬೇಡಿ ಅಂತ ಹೇಳಿ.